ಬೆರಳಡಿಯ ರಾಗಿಕಾಳು

“ಮೇಷ್ಟ್ರೇ, ದಪ್ಪ ಗ್ಲೌಸು ಹಾಕಿಕೊಂಡರೆ ಬ್ರೇಕು ಕೈಗೆ ಗೊತ್ತಾಗಲ್ಲ. ತೆಳ್ಳಗಿನದು ಹಾಕಿಕೊಂಡರೆ ಬಿದ್ದಾಗ ಕೈ ಉಳಿಯಲ್ಲ. ಭಾನುವಾರಕ್ಕೆ ನಾನು ಯಾವುದು ಹಾಕ್ಕೊಳ್ಳಲಿ?”

ಹೀಗೆ ಕೇಳಿದವನು ತಿಪ್ಪೇಶ. ಓಬಯ್ಯ ಮೇಷ್ಟ್ರ ಬಳಿ ಎಂಟು ತಿಂಗಳಿಂದ ಬೈಕ್ ರೇಸು ಕಲಿಯುತ್ತಿದ್ದ. ಭಾನುವಾರ ಅವನ ಮೊದಲ ರೇಸು. ಮೇಷ್ಟ್ರು ಒಂದು ಕಾಲದಲ್ಲಿ ತಾವೇ ಓಡಿಸುತ್ತಿದ್ದರು. ಈಗ ಓಡಿಸುವವರನ್ನು ಬೈಯುತ್ತಾರೆ. ಅವರ ಮುಂದಿನ ಬೆಂಚಿನ ಮೇಲೆ ಎರಡು ಜೋಡಿ ಕೈಗವಸುಗಳಿದ್ದವು. ದಪ್ಪ ಜೋಡಿಯನ್ನು ತಿಪ್ಪೇಶನ ತಾಯಿ ಪೇಟೆಯಿಂದ ತಂದುಕೊಟ್ಟಿದ್ದರು. ತೆಳು ಜೋಡಿ ಅವನೇ ಆರಿಸಿಕೊಂಡದ್ದು.

ಮೇಷ್ಟ್ರು ಎರಡನ್ನೂ ಮುಟ್ಟಲಿಲ್ಲ. ಅಂಗಡಿಯವನನ್ನು ಕೇಳಿದ್ದರೆ ಎರಡೂ ಇರಲಿ ಅನ್ನುತ್ತಿದ್ದ, ನನ್ನನ್ನು ಕೇಳಿದ ತಪ್ಪಿಗೆ ಕತೆ ಕೇಳು ಎಂದರು. ತಿಪ್ಪೇಶ ಕೂತ. ಮೇಷ್ಟ್ರು ಹೇಳಿದರು.

ಒಂದು ಊರಿನಲ್ಲಿ ಕೈಗವಸು ಹೊಲಿಯುವವನೊಬ್ಬನಿದ್ದ. ಅವನ ಹಿರಿಯರು ಕಪಿಲೆ ಬಾವಿಗಳಿಗೆ ನೀರೆತ್ತುವ ಚರ್ಮದ ಚೀಲ ಹೊಲಿಯುತ್ತಿದ್ದರು. ಪಂಪು ಬಂದ ಮೇಲೆ ಆ ಚೀಲ ಯಾರಿಗೂ ಬೇಡವಾಯಿತು. ಊರ ಹೊರಗೆ ವಿಮಾನಗಳು ಇಳಿಯುವುದು ನಿಂತುಹೋದ ಹಳೆಯ ರನ್‌ವೇ ಒಂದಿತ್ತು. ಅಲ್ಲಿ ಬೈಕ್ ರೇಸು ಶುರುವಾಯಿತು. ಬಿದ್ದು ಕೈ ತರಚಿಕೊಂಡವರು ಅವನ ಮನೆಯ ಮುಂದೆ ಹಾದುಹೋಗುತ್ತಿದ್ದರು. ನೋಡಿ ನೋಡಿ ಅವನಿಗೆ ತಡೆಯಲಾಗಲಿಲ್ಲ. ಒಬ್ಬನಿಗೆ ಒಂದು ಜೋಡಿ ಹೊಲಿದುಕೊಟ್ಟ. ಅದು ಚೆನ್ನಾಗಿ ಬಂತು. ಆಮೇಲೆ ಅದೇ ಕಸುಬಾಯಿತು.

ಅವನು ಹಟಮಾರಿ. ಯಾವ ಜೋಡಿಯನ್ನೂ ಎರಡು ಪರೀಕ್ಷೆ ಮಾಡದೆ ಕೈಬಿಡುತ್ತಿರಲಿಲ್ಲ. ಮೊದಲನೆಯದು ಕಲ್ಲಿನ ಪರೀಕ್ಷೆ. ಅಂಗೈಗೆ ಹಾಕುವ ಚರ್ಮದ್ದೇ ಒಂದು ತುಂಡನ್ನು ಬೀಸುವ ಕಲ್ಲಿನ ನಡುವೆ ಇಟ್ಟು ಒಂಬತ್ತು ಸುತ್ತು ತಿರುಗಿಸುತ್ತಿದ್ದ. ಅಷ್ಟರಲ್ಲಿ ತೂತು ಬಿದ್ದರೆ ಇದು ಚಪ್ಪಲಿಗೂ ಬೇಡ ಎಂದು ಎಸೆಯುತ್ತಿದ್ದ. ಎರಡನೆಯದು ಕಾಳಿನ ಪರೀಕ್ಷೆ. ಮಣಿಕಟ್ಟಿನ ಕೊನೆಯ ಹೊಲಿಗೆ ಹಾಕುವ ಮೊದಲು ಕೈಗವಸನ್ನು ಸವಾರನ ಕೈಗೆ ತೊಡಿಸಿ, ಕಣ್ಣು ಮುಚ್ಚು ಎನ್ನುತ್ತಿದ್ದ. ಮಣೆಯ ಮೇಲೆ ಅವನ ಬೆರಳ ತುದಿಯಡಿ ಒಂದೊಂದೇ ಕಾಳು ಇಡುತ್ತಿದ್ದ. ಅವರೆ, ಹೆಸರು, ರಾಗಿ. ಒಮ್ಮೊಮ್ಮೆ ಏನೂ ಇಡದೆ ಬರಿಯ ಮಣೆಯನ್ನೇ ಮುಟ್ಟಿಸುತ್ತಿದ್ದ. ಏನಿದೆ ಎಂದು ಸವಾರ ಹೇಳಬೇಕು. ರಾಗಿಕಾಳು ಗೊತ್ತಾಗದ ಬೆರಳಿಗೆ ಬ್ರೇಕು ಗೊತ್ತಾಗುವುದಿಲ್ಲ ಎಂಬುದು ಅವನ ನಂಬಿಕೆ. ಗೊತ್ತಾಗದಿದ್ದರೆ ಬೆರಳಿನ ಚರ್ಮ ಬಿಚ್ಚಿ, ಒಳಮಗ್ಗುಲಿಂದ ಹೆರೆದು, ಮತ್ತೆ ಕೂರಿಸುತ್ತಿದ್ದ. ಮೂರು ಸಲ, ನಾಲ್ಕು ಸಲ. ಬಂದವರು ಬೇಸತ್ತು ಇಷ್ಟು ಸಾಕು ಬಿಡಪ್ಪ ಎಂದರೂ ಬಿಡುತ್ತಿರಲಿಲ್ಲ.

ಬೀಳುವ ಜಾಗ ಬೇರೆ, ಮುಟ್ಟುವ ಜಾಗ ಬೇರೆ ಎನ್ನುತ್ತಿದ್ದ. ಬೀಳುವವನು ಅಂಗೈಯ ಬುಡವನ್ನು ನೆಲಕ್ಕೆ ಊರುತ್ತಾನೆ, ಕಿರುಬೆರಳಿನ ಕಡೆಗೆ ಹೊರಳುತ್ತಾನೆ. ಅಲ್ಲಿಗೆ ಎಮ್ಮೆಯ ಚರ್ಮ, ಬೇಕಾದರೆ ಎರಡು ಪದರ. ಬ್ರೇಕು ಹಿಡಿಯುವುದು ತೋರುಬೆರಳು ಮತ್ತು ನಡುಬೆರಳು. ಅಲ್ಲಿಗೆ ಆಡಿನ ಚರ್ಮ, ಒಂದೇ ಪದರ, ಅದೂ ಹೆರೆದದ್ದು. ಒಮ್ಮೆ ಒಬ್ಬ ವರ್ತಕ ಬಂದು, ನನ್ನ ಮಗನಿಗೆ ಬೆರಳಿಂದ ಮಣಿಕಟ್ಟಿನ ತನಕ ಎಲ್ಲ ಕಡೆಯೂ ಎರಡು ಪದರ ಹಾಕಬೇಕು ಎಂದ. ಹಾಗಾದರೆ ಮಗನನ್ನು ಮನೆಯಲ್ಲೇ ಕೂರಿಸಿ ಯಜಮಾನರೇ, ಗೋಡೆ ಇದಕ್ಕಿಂತ ದಪ್ಪ ಇರುತ್ತದೆ ಎಂದು ಇವನು ಕಳಿಸಿಬಿಟ್ಟ. ವರ್ತಕ ದಾರಿಯುದ್ದ ಬೈದುಕೊಂಡು ಹೋದ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ತಿಳಿಯದವನು ಮಾಡುವ ತಪ್ಪಿಗೆ ಅಷ್ಟು ದುಃಖಪಡಬೇಕಾಗಿಲ್ಲ. ಇವನಿಗೆ ಎಲ್ಲ ತಿಳಿದಿತ್ತು.

ಅವನಿಗೆ ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡಾಗ ಅವಳಿಗೆ ಮೂರು ವರ್ಷ. ಚರ್ಮದ ತುಂಡುಗಳನ್ನೇ ಆಟದ ಸಾಮಾನು ಮಾಡಿಕೊಂಡು ಬೆಳೆದಳು. ಬಿಡುವಾದಾಗ ಅಪ್ಪ ಅವಳ ಪುಟ್ಟ ಕೈಗೆ ದೊಡ್ಡವರ ಕೈಗವಸು ತೊಡಿಸಿ ಕಾಳಿನ ಆಟ ಆಡಿಸುತ್ತಿದ್ದ. ಸವಾರರಿಗೆ ಕಾಳುಗಳನ್ನು ಹಿಂದುಮುಂದು ಮಾಡಿ ಇಡುವವನು ಮಗಳಿಗೆ ಮಾತ್ರ ಯಾವಾಗಲೂ ಒಂದೇ ಸಾಲಿನಲ್ಲಿ ಇಡುತ್ತಿದ್ದ. ಮೊದಲು ಅವರೆ, ಆಮೇಲೆ ಹೆಸರು, ಆಮೇಲೆ ರಾಗಿ, ಕೊನೆಗೆ ಬರಿ ಮಣೆ. ಮಗು ಗೆಲ್ಲಲಿ ಎಂದು ಹಾಗೆ. ಅವಳು ಪ್ರತಿ ಸಲ ಗೆಲ್ಲುತ್ತಿದ್ದಳು. ಗೆದ್ದು ಕುಣಿಯುತ್ತಿದ್ದಳು. ಅಪ್ಪ ಸೋತವನಂತೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದ.

ದೊಡ್ಡವಳಾದ ಮೇಲೆ ಅವಳು ಅಪ್ಪ ಹೊಲಿದ ಕೈಗವಸುಗಳನ್ನು ಟ್ರ್ಯಾಕಿಗೆ ಒಯ್ದು ಕೊಡುತ್ತಿದ್ದಳು. ಕೊಟ್ಟು ಬರುವವಳು ಸ್ವಲ್ಪ ಹೊತ್ತು ನಿಂತು ನೋಡತೊಡಗಿದಳು. ನಿಂತು ನೋಡುವವಳು ಒಂದು ದಿನ ಬೈಕು ಹತ್ತಿದಳು. ಅಪ್ಪ ಬೇಡ ಎನ್ನಲಿಲ್ಲ. ಬೇಡ ಎಂಬ ಮಾತು ಬಾಯಿಯ ತನಕ ಬಂದಿತ್ತು. ಆದರೆ ಕಂಡವರ ಮಕ್ಕಳಿಗೆಲ್ಲ ಕೈಗವಸು ಹೊಲಿದು ಟ್ರ್ಯಾಕಿಗೆ ಕಳಿಸುವವನು ತನ್ನ ಮಗಳಿಗೆ ಯಾವ ಬಾಯಲ್ಲಿ ಬೇಡ ಅನ್ನುವುದು? ಅವಳಿಗೂ ಒಂದು ಜೋಡಿ ಹೊಲಿದ. ಎರಡು ಪರೀಕ್ಷೆಯನ್ನೂ ಮಾಡಿದ. ಆ ದಿನ ಅವಳಿಗೂ ಕಾಳುಗಳನ್ನು ಹಿಂದುಮುಂದು ಮಾಡಿಯೇ ಇಟ್ಟ. ಅದು ಆಟವಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳು ಎಲ್ಲವನ್ನೂ ಸರಿಯಾಗಿಯೇ ಹೇಳಿದಳು.

ಆದರೆ ಟ್ರ್ಯಾಕಿನ ಕಡೆಗೆ ಅವನು ಒಮ್ಮೆಯೂ ಹೋಗಲಿಲ್ಲ. ಮಗಳು ಓಡಿಸುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಅವಳು ಹೋದ ದಿನ ಮನೆಯಲ್ಲಿ ಕೂತು ಹೊಲಿಯುತ್ತಿದ್ದ. ಬಾಗಿಲಲ್ಲಿ ಅವಳ ಚಪ್ಪಲಿಯ ಸದ್ದಾದರೆ ಸೂಜಿ ಕೆಳಗಿಡುತ್ತಿದ್ದ.

ಅವಳದು ಒಳ್ಳೆಯ ಕೈ. ತಿಪ್ಪೇಶ, ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ವೇಗವಾಗಿ ಬಂದು ತಿರುವಿನ ಮೊದಲು ಮುಂದಿನ ಬ್ರೇಕು ಹಿಡಿಯುವಾಗ ಒಂದು ಹದವಿದೆ. ಅಲ್ಲಿಯ ತನಕ ಬೈಕು ನಿನ್ನ ಮಾತು ಕೇಳುತ್ತದೆ. ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಒತ್ತಿದರೆ ಚಕ್ರ ತಿರುಗದೆ ಕಚ್ಚಿಕೊಳ್ಳುತ್ತದೆ, ನೀನು ನೆಲದಲ್ಲಿರುತ್ತೀಯ. ಆ ಹದ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಲಿವರಿನ ಮೇಲಿರುವ ಎರಡು ಬೆರಳಿಗೆ ಮಾತ್ರ ತಿಳಿಯುತ್ತದೆ. ಅವಳ ಬೆರಳಿಗೆ ತಿಳಿದಷ್ಟು ಆ ಟ್ರ್ಯಾಕಿನಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎಲ್ಲರೂ ಹೆದರಿ ಬ್ರೇಕು ಹಿಡಿದ ಮೇಲೂ ಅವಳು ಇನ್ನಷ್ಟು ದೂರ ಹೋಗಿ ಹಿಡಿಯುತ್ತಿದ್ದಳು.

ಒಂದು ದಿನ ಅವಳು ಬಿದ್ದಳು. ತಪ್ಪು ಅವಳದಲ್ಲ. ಮುಂದೆ ಹೋದವನ ಬೈಕಿನಿಂದ ಎಣ್ಣೆ ಸುರಿದಿತ್ತು. ಬಹಳ ದೂರ ಜಾರಿಕೊಂಡು ಹೋದಳು. ತಲೆ, ಮೈ, ಮೊಣಕಾಲು ಎಲ್ಲ ಉಳಿಯಿತು. ಎಡಗೈಯ ಕಿರುಬೆರಳಿನ ಹೊಲಿಗೆ ಮಾತ್ರ ಬಿಚ್ಚಿಕೊಂಡಿತು. ಬೆರಳಿನ ತುದಿಯ ಗೆಣ್ಣು ಹೋಯಿತು.

ಗೆಣ್ಣು ಕಳೆದುಕೊಂಡವಳು ಅಳಲಿಲ್ಲ. ಅಪ್ಪ ಅತ್ತ. ಆ ಕೈಗವಸನ್ನು ಬಿಸಿಲಿಗೆ ಹಿಡಿದು ನೋಡಿದ. ನೂಲು ಹಳೆಯದಾಗಿತ್ತು. ಹೊಸ ಉಂಡೆ ತರಲು ಪೇಟೆಗೆ ಹೋಗಬೇಕೆಂದು ಆ ವಾರ ಅಂದುಕೊಂಡಿದ್ದ, ಬಿಸಿಲು ಜಾಸ್ತಿ ಎಂದು ಹೋಗಿರಲಿಲ್ಲ. ಅವನು ಮಾಡಿದ ತಪ್ಪು ಇಷ್ಟೇ. ಇನ್ನೊಬ್ಬರ ಮಕ್ಕಳಿಗೆ ಹೀಗಾಗಿದ್ದರೆ ಕಾಲು ಹಿಡಿದು ಕ್ಷಮೆ ಕೇಳುತ್ತಿದ್ದ. ಮಗಳ ಕಾಲು ಹಿಡಿಯಲಾಗುವುದಿಲ್ಲ. ನಲವತ್ತು ದಿನ ಅವನೇ ಅವಳ ಬೆರಳಿಗೆ ಪಟ್ಟಿ ಕಟ್ಟಿದ. ಅವಳು ತಟ್ಟೆ ತಂದಿಟ್ಟರೆ ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದ. ಮೈ ಇಳಿದುಹೋಯಿತು, ಅಂಗಿ ಭುಜದಿಂದ ಜಾರತೊಡಗಿತು. ಅವನು ಬೆರಳನ್ನು ನೋಡುತ್ತಿದ್ದ, ಅವಳು ಅವನನ್ನು ನೋಡುತ್ತಿದ್ದಳು.

ಬೆರಳು ಮಾಗಿತು. ಮತ್ತೆ ಓಡಿಸುತ್ತೇನೆ ಎಂದು ಅವಳು ಹೇಳಿದಳು. ಆಗಲೂ ಅವನು ಬೇಡ ಎನ್ನಲಿಲ್ಲ. ಹೊಸ ನೂಲು ತಂದ, ಹೊಸ ಜೋಡಿ ಹೊಲಿಯಲು ಕೂತ. ಅಂಗೈಯ ಬುಡಕ್ಕೆ ಎರಡು ಪದರ ಹಾಕಿದ. ಕಿರುಬೆರಳಿಗೆ ಎರಡು ಪದರ ಹಾಕಿದ. ಅಲ್ಲಿಗೆ ನಿಲ್ಲಿಸಬೇಕಿತ್ತು. ಅವನ ಕೈ ನಿಲ್ಲಲಿಲ್ಲ. ತೋರುಬೆರಳಿಗೂ ನಡುಬೆರಳಿಗೂ ಎರಡನೆಯ ಪದರ ಕೂರಿಸಿತು. ಊರ ಮಕ್ಕಳಿಗೆಲ್ಲ ಒಂದು ಪದರ, ತನ್ನ ಮಗಳಿಗೆ ಎರಡು. ವರ್ತಕನಿಗೆ ಆಡಿದ ಮಾತು ಮರೆತುಹೋಗಿತ್ತೆಂದು ತಿಳಿಯಬೇಡ. ಚೆನ್ನಾಗಿ ನೆನಪಿತ್ತು. ಕಾಳಿನ ಪರೀಕ್ಷೆ ಇದೆಯಲ್ಲ, ಅದರಲ್ಲಿ ಆಗದಿದ್ದರೆ ಬಿಚ್ಚಿ ತೆಗೆದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಹೆದರಿದವನು ತೀರ್ಮಾನವನ್ನು ಇನ್ನೊಬ್ಬರ ಬಾಯಿಗೆ ಬಿಟ್ಟು ಹಗುರಾಗುತ್ತಾನೆ. ನಾನೂ ಹಾಗೆ ಮಾಡಿದ್ದೇನೆ, ನೀನೂ ಮಾಡುತ್ತೀಯ.

ಮಗಳು ಮಣೆಯ ಎದುರು ಕೂತಳು. ಅವನು ಕೈಗವಸು ತೊಡಿಸಿದ. ಅವಳು ಕಣ್ಣು ಮುಚ್ಚಿದಳು.

ಅವನು ಅವರೆಕಾಳು ಇಟ್ಟ. ಅವಳು ಅವರೆ ಎಂದಳು. ಹೆಸರುಕಾಳು ಇಟ್ಟ. ಏನೋ ಇದೆ ಎಂದಷ್ಟೇ ಬೆರಳಿಗೆ ತಿಳಿಯಿತು. ಹೆಸರು ಇರಬಹುದೆಂದು ಹೆಸರು ಎಂದಳು. ಅವನು ಮೂರನೆಯದನ್ನು ಇಟ್ಟ. ಬೆರಳಿಗೆ ಏನೂ ತಿಳಿಯಲಿಲ್ಲ. ಒತ್ತಿ ನೋಡಿದಳು. ಆಚೆ ಈಚೆ ಸರಿಸಿ ನೋಡಿದಳು. ಚರ್ಮ ಬಿಟ್ಟರೆ ಬೇರೇನೂ ಇರಲಿಲ್ಲ.

ಗೊತ್ತಾಗುತ್ತಿಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಎದುರಿಗೆ ಅಪ್ಪ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಕಣ್ಣು ಮುಚ್ಚಿಕೊಂಡೇ ಅವನ ಮುಖ ಹೇಗಿರಬಹುದೆಂದು ಅವಳಿಗೆ ತಿಳಿಯಿತು. ಈ ಪದರವನ್ನು ಬಿಚ್ಚಿಸಿದರೆ ಈ ಮನುಷ್ಯ ಮತ್ತೆ ಉಣ್ಣುವುದಿಲ್ಲ ಎಂದುಕೊಂಡಳು. ಇನ್ನೊಂದು ವಿಷಯವೂ ಅವಳಿಗೆ ಹೊಳೆಯಿತು. ಅಪ್ಪ ಕಾಳುಗಳನ್ನು ಹಿಂದುಮುಂದು ಮಾಡಿಲ್ಲ. ಆಟದ ಸಾಲಿನಲ್ಲೇ ಇಡುತ್ತಿದ್ದಾನೆ. ಅವರೆ ಆಯಿತು, ಹೆಸರು ಆಯಿತು, ಇದು ರಾಗಿಯೇ.

ಅವಳು ರಾಗಿ ಎಂದಳು. ನಾಲ್ಕನೆಯ ಸಲ, ಏನೂ ಇಲ್ಲ ಎಂದಳು. ನಾಲ್ಕೂ ಸರಿಯಾಯಿತು.

“ನಿಜವಾಗ್ಲೂ ಗೊತ್ತಾಯ್ತೇನಮ್ಮ?” ಎಂದು ಅಪ್ಪ ಕೇಳಿದ.

“ಗೊತ್ತಾಯ್ತಪ್ಪ. ಹಳೇದಕ್ಕಿಂತ ಇದೇ ಚೆನ್ನಾಗಿದೆ.”

ಅವನು ಕೊನೆಯ ಹೊಲಿಗೆ ಹಾಕಿದ. ಆ ದಿನ ಹೊಟ್ಟೆತುಂಬ ಉಂಡ. ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡ. ಬಡಿಸುತ್ತಿದ್ದ ಅವಳಿಗೆ ಅಳು ಬಂತು, ಸಂತೋಷಕ್ಕೆ. ಒಂದು ಸುಳ್ಳಿನಿಂದ ಅಪ್ಪ ಎದ್ದು ಕೂತನಲ್ಲ ಎಂದುಕೊಂಡಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೋ ಏನೋ.

ಅವಳು ಪೆದ್ದಿಯಲ್ಲ. ಮರುದಿನ ಟ್ರ್ಯಾಕಿನಲ್ಲಿ ಹೊಸ ಜೋಡಿ ಹಾಕಿಕೊಂಡು ಮೂರು ಸುತ್ತು ಬಂದಳು. ಲಿವರು ಎಲ್ಲಿದೆ ಎಂದು ತಿಳಿಯುತ್ತಿತ್ತು, ಹದ ಎಲ್ಲಿದೆ ಎಂದು ತಿಳಿಯುತ್ತಿರಲಿಲ್ಲ. ಇದು ಆಗುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಹಳೆಯ ಜೋಡಿಯ ಕಿರುಬೆರಳನ್ನು ತಾನೇ ಗಟ್ಟಿ ನೂಲಿನಲ್ಲಿ ಹೊಲಿದುಕೊಂಡಳು. ಅದನ್ನು ಹೆಲ್ಮೆಟ್ಟಿನ ಚೀಲದ ತಳದಲ್ಲಿ ಬಟ್ಟೆ ಸುತ್ತಿ ಇಟ್ಟಳು. ಮನೆಯಿಂದ ಹೊಸದನ್ನು ತೊಟ್ಟು ಹೊರಡುವುದು, ಟ್ರ್ಯಾಕಿನಲ್ಲಿ ಹಳೆಯದಕ್ಕೆ ಬದಲಾಯಿಸುವುದು, ಬರುವಾಗ ಮತ್ತೆ ಹೊಸದನ್ನು ತೊಟ್ಟು ಬರುವುದು. ಅಪ್ಪ ಟ್ರ್ಯಾಕಿಗೆ ಬರುವವನಲ್ಲ. ಯಾರಿಗೂ ತೊಂದರೆಯಿಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಅವಳು ಮೊದಲಿನಂತೆ ಓಡಿಸಿದಳು, ಅವನು ಮೊದಲಿನಂತೆ ಉಂಡ. ಸಂಜೆ ಅವಳು ಬಂದ ಕೂಡಲೇ ಕೈಗವಸನ್ನು ತೆಗೆದುಕೊಂಡು ಹೊಲಿಗೆ ನೋಡುತ್ತಿದ್ದ. ಸ್ವಲ್ಪವೂ ಸವೆದಿಲ್ಲ ಎಂದು ನೆರೆಯವರಿಗೆಲ್ಲ ತೋರಿಸುತ್ತಿದ್ದ. ಅವಳು ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳು.

ದೊಡ್ಡ ರೇಸಿನ ದಿನ ಬಂತು. ಅವಳು ಚೀಲ ಹಿಡಿದು ಹೊರಟಾಗ ಅಪ್ಪ ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಇವತ್ತು ನಾನೂ ಬರುತ್ತೇನೆ ಎಂದ. ಇಷ್ಟು ವರ್ಷ ನನಗೆ ಧೈರ್ಯವಿರಲಿಲ್ಲ, ಈ ಜೋಡಿ ಹೊಲಿದ ಮೇಲೆ ಬಂದಿದೆ ಎಂದ. ಅವಳು ತಲೆಯಾಡಿಸಿದಳು.

ಟ್ರ್ಯಾಕಿನಲ್ಲಿ ಅವನು ಅವಳನ್ನು ಬಿಟ್ಟು ಸರಿಯಲಿಲ್ಲ. ತಾನೇ ಅವಳ ಕೈಗೆ ಕೈಗವಸು ತೊಡಿಸಿದ, ತಾನೇ ಮಣಿಕಟ್ಟಿನ ಪಟ್ಟಿ ಬಿಗಿದ. ಗುರುತಿನವರು ಯಾರೋ ಕರೆದರೆಂದು ನಾಲ್ಕು ಹೆಜ್ಜೆ ಆಚೆ ಹೋದ. ಅವಳು ಬೇಗನೆ ಚೀಲದ ತಳಕ್ಕೆ ಕೈ ಹಾಕಿದಳು. ಹಳೆಯ ಜೋಡಿಯನ್ನು ಹೊರಗೆ ತೆಗೆಯುವಷ್ಟರಲ್ಲಿ ಅವನು ತಿರುಗಿ ನೋಡಿದ. ಅವಳು ಅದನ್ನು ಅಲ್ಲೇ ಒಳಗೆ ತುರುಕಿದಳು. ಅಪ್ಪ ನಕ್ಕ. ಅವಳೂ ನಕ್ಕಳು. ಹೊಸ ಜೋಡಿಯಲ್ಲೇ ಹೋಗಿ ಬೈಕು ಹತ್ತಿದಳು.

ಮೊದಲ ಐದು ಸುತ್ತು ಅವಳು ಬಹಳ ಜಾಗ್ರತೆಯಾಗಿ ಓಡಿಸಿದಳು. ಎಲ್ಲರಿಗಿಂತ ಮೊದಲೇ ಬ್ರೇಕು ಹಿಡಿದಳು. ಒಬ್ಬೊಬ್ಬರಾಗಿ ಅವಳನ್ನು ದಾಟಿ ಹೋದರು. ಬೇಲಿಯ ಬಳಿ ಅಪ್ಪ ನಿಂತಿದ್ದ. ಮಗಳು ಹಿಂದೆ ಬಿದ್ದಳೆಂದು ಅವನಿಗೆ ಬೇಸರವಾಗಲಿಲ್ಲ; ಪ್ರತಿ ಸುತ್ತಿಗೂ ಎರಡೂ ಕೈ ಎತ್ತಿ ಬೀಸುತ್ತಿದ್ದ. ಅವಳಿಗೆ ಅದು ಕಾಣುತ್ತಿತ್ತು. ಮೊದಲ ಸಲ ನೋಡಲು ಬಂದ ಅಪ್ಪನ ಮುಂದೆ ಕೊನೆಯವಳಾಗಿ ಬರುವುದು ಅವಳಿಗೆ ಬೇಡವಾಗಿತ್ತು. ಆರನೆಯ ಸುತ್ತಿನಲ್ಲಿ ಅವಳು ತಾನು ಯಾವಾಗಲೂ ಬ್ರೇಕು ಹಿಡಿಯುವ ಜಾಗದ ತನಕ ಹೋದಳು. ಅಲ್ಲಿ ಹಿಡಿದಳು. ಬೆರಳು ಹದವನ್ನು ಹುಡುಕಿತು. ಸಿಗಲಿಲ್ಲ. ಇನ್ನಷ್ಟು ಒತ್ತಿತು. ಮುಂದಿನ ಚಕ್ರ ಕಚ್ಚಿಕೊಂಡಿತು. ಅವಳು ಬಿದ್ದಳು. ಹಿಂದಿನಿಂದ ಬಂದವನಿಗೆ ತಪ್ಪಿಸಲು ಜಾಗವಿರಲಿಲ್ಲ.

ಆಸ್ಪತ್ರೆ ಸೇರುವ ಹೊತ್ತಿಗೆ ಅವಳಲ್ಲಿ ಜೀವವಿರಲಿಲ್ಲ.

ಕೈಗವಸುಗಳನ್ನು ಅಪ್ಪನೇ ಕಳಚಿದ. ಕೈಗಳಿಗೆ ಒಂದು ಗೀರೂ ಆಗಿರಲಿಲ್ಲ. ಬೆಳಿಗ್ಗೆ ತೊಡಿಸುವಾಗ ಹೇಗಿದ್ದವೋ ಹಾಗೇ ಇದ್ದವು. ಅವನು ಆ ಕೈಗಳನ್ನು ಹಿಡಿದುಕೊಂಡು ಬಹಳ ಹೊತ್ತು ಕೂತ. ಬಂದವರೆಲ್ಲ ವಿಧಿ ಎಂದರು. ಅವನೂ ವಿಧಿ ಎಂದುಕೊಂಡ. ಮಗಳನ್ನು ಕಳೆದುಕೊಂಡವನಿಗೆ ಒಂದೇ ಒಂದು ಸಮಾಧಾನ ಉಳಿದಿತ್ತು. ನನ್ನ ಹೊಲಿಗೆ ಈ ಸಲ ಅವಳನ್ನು ಕೈಬಿಡಲಿಲ್ಲ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಕೇಳಿದವರು ಹೌದು ಎನ್ನುತ್ತಿದ್ದರು. ಬೇರೇನು ಹೇಳುತ್ತಾರೆ?

ಮಾತು ಹಬ್ಬಿತು. ಅಷ್ಟು ದೊಡ್ಡ ಪೆಟ್ಟಿನಲ್ಲೂ ಆ ಹುಡುಗಿಯ ಕೈಗೆ ಏನೂ ಆಗಿರಲಿಲ್ಲವಂತೆ ಎಂದು ಸವಾರರು ಒಬ್ಬರಿಗೊಬ್ಬರು ಹೇಳಿಕೊಂಡರು. ಅಂಥದ್ದೇ ಜೋಡಿ ನಮಗೂ ಹೊಲಿದುಕೊಡು ಎಂದು ಬಂದರು. ಮೊದಲು ಬಂದವಳು ಅವನ ಮಗಳ ವಯಸ್ಸಿನ ಒಬ್ಬ ಹುಡುಗಿ. ಅವನು ಅದೇ ಅಳತೆಯಲ್ಲಿ, ಅದೇ ಎರಡು ಪದರ ಹಾಕಿ ಹೊಲಿದ. ಮಗಳಿಗೆ ಗೊತ್ತಾಗಿತ್ತಲ್ಲ, ಎರಡು ಪದರವಾದರೂ ತೊಂದರೆಯಿಲ್ಲ ಎಂದು ಈಗ ಅವನು ನಂಬಿದ್ದ. ರೂಢಿಯಂತೆ ಅವಳನ್ನು ಮಣೆಯ ಮುಂದೆ ಕೂರಿಸಿದ. ಕಣ್ಣು ಮುಚ್ಚಲು ಹೇಳಿದ. ಕಾಳುಗಳನ್ನು ಹಿಂದುಮುಂದು ಮಾಡಿ, ಮೊದಲಿಗೇ ರಾಗಿ ಇಟ್ಟ. ಹುಡುಗಿ ಸುಮ್ಮನೆ ಕೂತಿದ್ದಳು. ಅವನು ಕಾದ.

“ಇಟ್ರಾ ಅಣ್ಣ? ಇನ್ನೂ ಇಲ್ವಾ?” ಎಂದು ಅವಳು ಕೇಳಿದಳು.

ಎಲ್ಲೋ ಅಳತೆ ತಪ್ಪಿರಬೇಕೆಂದು ಅವನು ಎದ್ದುಹೋಗಿ ಮಗಳ ಜೋಡಿಯನ್ನೇ ತಂದ. ಆ ಹುಡುಗಿಯ ಕೈಗೆ ತೊಡಿಸಿದ. ಮತ್ತೆ ರಾಗಿ ಇಟ್ಟ. ಅವಳು ಮತ್ತೆ ಅದನ್ನೇ ಕೇಳಿದಳು. ಹೆಸರುಕಾಳು ಇಟ್ಟ. ಏನೋ ಇದ್ದ ಹಾಗಿದೆ, ಏನೆಂದು ಗೊತ್ತಾಗುತ್ತಿಲ್ಲ ಎಂದಳು.

ಅವನು ಹುಡುಗಿಯನ್ನು ಕಳಿಸಿದ. ಮೂರು ತಿಂಗಳಿಂದ ಮೂಲೆಯಲ್ಲಿದ್ದ ಹೆಲ್ಮೆಟ್ಟಿನ ಚೀಲವನ್ನು ಆಗ ಬಿಚ್ಚಿದ. ತಳದಲ್ಲಿ ಬಟ್ಟೆ ಸುತ್ತಿದ ಹಳೆಯ ಜೋಡಿ ಇತ್ತು. ಕಿರುಬೆರಳಿಗೆ ಒರಟು ಹೊಲಿಗೆ ಇತ್ತು, ಅದು ತನ್ನದಲ್ಲ. ಹೊಲಿಯುವುದನ್ನು ಅವಳಿಗೆ ಅವನು ಸರಿಯಾಗಿ ಕಲಿಸಿರಲಿಲ್ಲ. ತೋರುಬೆರಳು, ನಡುಬೆರಳಿನ ತುದಿಯ ಚರ್ಮ ಹೊಸದಾಗಿ ಸವೆದಿತ್ತು. ಎರಡು ತಿಂಗಳು ಅವಳು ಯಾವುದನ್ನು ಹಾಕಿಕೊಂಡು ಓಡಿಸಿದಳು, ತನ್ನ ಜೋಡಿ ಯಾಕೆ ಸವೆಯಲಿಲ್ಲ, ಕೊನೆಯ ದಿನ ಯಾಕೆ ಅದನ್ನೇ ಹಾಕಿಕೊಂಡಳು, ಎಲ್ಲ ಅವನಿಗೆ ತಿಳಿಯಿತು. ಮಗಳು ಸತ್ತ ದಿನ ಅವನು ಎಲ್ಲರ ಎದುರು ಅತ್ತಿದ್ದ. ಈ ದಿನ ಅವನಿಗೆ ಅಳಲೂ ಆಗಲಿಲ್ಲ.

ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಒಂದೇ ಒಂದು ಪ್ರಶ್ನೆ ಅವನನ್ನು ತಿನ್ನುತ್ತಿತ್ತು. ಆ ದಿನ ಕಾಳುಗಳನ್ನು ಆಟದ ಸಾಲಿನಲ್ಲಿ ಯಾಕೆ ಇಟ್ಟೆ? ಗಾಬರಿಯಲ್ಲಿ ಮರೆತು ಇಟ್ಟೆನೇ, ಅಥವಾ ಅವಳು ಗೆಲ್ಲಲಿ ಎಂದು ಇಟ್ಟೆನೇ? ಗೊತ್ತಾಗಲಿಲ್ಲ ಎಂದು ಅವಳು ಹೇಳುವುದು ನನಗೆ ಬೇಡವಾಗಿತ್ತೇ? ಅವನು ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಉತ್ತರ ಸಿಗಲಿಲ್ಲ. ಇವತ್ತಿನ ತನಕ ಸಿಕ್ಕಿಲ್ಲ.

ಅವನು ಕಸುಬು ಬಿಡಲಿಲ್ಲ. ಬಿದ್ದವರ ಕೈ ಉಳಿಯಬೇಕಲ್ಲ. ಬೆರಳಿಗೆ ಒಂದೇ ಪದರ, ಬೀಳುವ ಜಾಗಕ್ಕೆ ಎರಡು, ಮೊದಲಿನ ಹಾಗೆಯೇ ಹೊಲಿಯುತ್ತಾನೆ. ಕಾಳಿನ ಪರೀಕ್ಷೆಯನ್ನು ಮಾತ್ರ ತಾನು ಮಾಡುವುದಿಲ್ಲ. ಪಕ್ಕದ ಮನೆಯ ಹೆಂಗಸೊಬ್ಬಳನ್ನು ಕರೆದು ಮಣೆಯ ಮುಂದೆ ಕೂರಿಸುತ್ತಾನೆ. ಸವಾರ ಯಾರು, ಎಲ್ಲಿಯವನು ಎಂದು ಅವಳಿಗೆ ಗೊತ್ತಿರುವುದಿಲ್ಲ, ಅವಳು ಕೇಳುವುದೂ ಇಲ್ಲ. ಸವಾರನ ಜೊತೆಗೆ ಅಪ್ಪ ಅಮ್ಮ, ಹೆಂಡತಿ, ಅಣ್ಣ, ಯಾರೇ ಬಂದಿದ್ದರೂ ಅವರನ್ನು ಬೀದಿಯಲ್ಲಿ ನಿಲ್ಲಿಸಿ ಬಾಗಿಲು ಹಾಕುತ್ತಾನೆ. ತಾನೂ ಅವರ ಜೊತೆ ಹೊರಗೇ ನಿಲ್ಲುತ್ತಾನೆ. ಯಾಕೆ ಹೀಗೆ ಎಂದು ಕೆಲವರು ಜಗಳ ಮಾಡುತ್ತಾರೆ. ಅವನು ಬಾಗಿಲು ಬಿಟ್ಟು ಸರಿಯುವುದಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಟ್ರ್ಯಾಕಿನಲ್ಲಿ ಯಾರೋ ಅಭ್ಯಾಸ ಮಾಡುತ್ತಿದ್ದರು, ಅವರ ಬೈಕಿನ ಸದ್ದು ಹತ್ತಿರ ಬಂದು ದೂರ ಹೋಯಿತು. ತಿಪ್ಪೇಶ ಕೈ ಚಾಚಿ ತೆಳು ಜೋಡಿಯನ್ನು ತನ್ನ ಕಡೆಗೆ ಎಳೆದುಕೊಂಡ.

“ಹಾಗಾದರೆ ತೆಳ್ಳಗಿನದೇ ಸರಿ ಅಂತೀರಾ ಮೇಷ್ಟ್ರೇ?”

“ಆ ದಪ್ಪದ್ದು ಕೈಗೆ ಹೇಗಿದೆ ಅಂತ ನಿಮ್ಮಮ್ಮ ಕೇಳಿದಾಗ, ನೀನು ಏನಂದೆ?”